ಜರ್ಮನಿಯ ಕೋಣೆಗೆ ತುಮಕೂರು ರಸ್ತೆಯಲ್ಲೇ ತಾಲೀಮು: ನಾಗಸಂದ್ರದ ಐಕಿಯಾ ಎಷ್ಟು ಉಪಯೋಗಕ್ಕೆ ಬರುತ್ತದೆ?

ತುಮಕೂರಿನಿಂದ ಓದಲು ಜರ್ಮನಿಗೆ ಹೊರಟವರ ಮನೆಯಲ್ಲಿ ಸೂಟ್‌ಕೇಸ್ ತುಂಬಿಸುವ ಹೊತ್ತಿಗೆ ಚಟ್ನಿಪುಡಿ, ಕುಕ್ಕರ್, ಸ್ವೆಟರ್ ಎಲ್ಲದರ ಲೆಕ್ಕವೂ ಆಗಿರುತ್ತದೆ. ಅಲ್ಲಿ ಮಲಗುವುದು ಯಾವುದರ ಮೇಲೆ, ಓದುವ ಮೇಜು ಎಲ್ಲಿಂದ ಬರಬೇಕು, ಕೋಣೆಯಲ್ಲಿ ದೀಪವಾದರೂ ಇದೆಯೋ ಇಲ್ಲವೋ ಎಂಬ ಪ್ರಶ್ನೆಗಳು ಮಾತ್ರ ವಿಮಾನ ಇಳಿದ ಮೇಲೆ ಏಳುತ್ತವೆ. ಆಗ ಎಲ್ಲರೂ ಓಡುವುದು ಹೆಚ್ಚಾಗಿ ಒಂದೇ ಅಂಗಡಿಗೆ, ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಬಂದು ನಾವೇ ಜೋಡಿಸಿಕೊಳ್ಳಬೇಕಾದ ಪೀಠೋಪಕರಣ ಮಾರುವ ಐಕಿಯಾಗೆ. ಅದೇ ಕಂಪನಿಯ ದೊಡ್ಡ ಮಳಿಗೆ 2022ರ ಜೂನ್‌ನಿಂದ ನಮ್ಮ ತುಮಕೂರು ರಸ್ತೆಯ ನಾಗಸಂದ್ರದಲ್ಲೇ ಇದೆ. ಹೊರಡುವ ಮುಂಚೆ ಅಲ್ಲಿ ಒಂದು ದಿನ ಕಳೆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ, ಯಾವುದನ್ನು ನಂಬಬಾರದು ಎಂಬುದನ್ನು ಇಲ್ಲಿ ಬರೆದಿದೆ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ನಾಗಸಂದ್ರಕ್ಕೆ ಕೊಳ್ಳಲು ಹೋಗಬೇಡಿ, ಅಳೆಯಲು ಹೋಗಿ. ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ತಾಲೀಮಿನ ಜಾಗ ಬೇರೆ ಸಿಗುವುದಿಲ್ಲ. ಸಾಮಾನು ಕೊಂಡು ವಿಮಾನ ಹತ್ತಿಸುವುದಕ್ಕೆ ಮಾತ್ರ ಅದು ಜಾಗವಲ್ಲ. ಹೊತ್ತುಕೊಂಡು ಹೋಗಬೇಕಾದ ಸಾಮಾನು ನಮ್ಮ ಮಂಡಿಪೇಟೆ, ಚಿಕ್ಕಪೇಟೆಯ ಪಾತ್ರೆ ಅಂಗಡಿಗಳಲ್ಲೇ ಚೆನ್ನಾಗಿ ಸಿಗುತ್ತದೆ.

ತುಮಕೂರಿನಿಂದ ಬಸ್ಸಿನಲ್ಲಿ ಹೋಗುವವರಿಗೆ ಸುಲಭದ ದಾರಿ ಮಾದಾವರದಲ್ಲಿ ಇಳಿಯುವುದು. 2024ರ ನವೆಂಬರ್‌ನಲ್ಲಿ ಹಸಿರು ಮಾರ್ಗದ ಮೆಟ್ರೊ ಅಲ್ಲಿಯವರೆಗೂ ಬಂದಿದೆ. ಮಾದಾವರ, ಚಿಕ್ಕಬಿದರಕಲ್ಲು, ಮಂಜುನಾಥನಗರ, ಆಮೇಲೆ ನಾಗಸಂದ್ರ. ನಿಲ್ದಾಣದಿಂದ ಮಳಿಗೆಗೆ ನಡೆದೇ ಹೋಗಬಹುದು. ನಿಮ್ಮ ಬಸ್ಸು ಪೀಣ್ಯದ ಮೇಲ್ಸೇತುವೆ ಹತ್ತಿಬಿಟ್ಟರೆ ನಾಗಸಂದ್ರ ಹಿಂದೆ ಉಳಿದು ಗೊರಗುಂಟೆಪಾಳ್ಯದಿಂದ ವಾಪಸ್ ಬರಬೇಕಾಗುತ್ತದೆ. ಹತ್ತುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ. ಶನಿವಾರ, ಭಾನುವಾರ ಬೇಡ. ಮಂಚದ ಮೇಲೆ ಮಲಗಿ, ಕುರ್ಚಿಯ ಮೇಲೆ ಹತ್ತು ನಿಮಿಷ ಕೂತು ನೋಡಬೇಕಾದವರಿಗೆ ಜನಜಂಗುಳಿಯಲ್ಲಿ ಆ ಕೆಲಸ ಆಗುವುದಿಲ್ಲ.

ಹೋಗುವ ಮುನ್ನ ಒಂದು ವಿಷಯ ಗೊತ್ತಿರಲಿ: ನಿಮ್ಮ ಕೋಣೆ ಯಾವ ಬಗೆಯದು? ಜರ್ಮನಿಯಲ್ಲಿ ವಿದ್ಯಾರ್ಥಿ ಕಲ್ಯಾಣ ಸಂಸ್ಥೆ, ಅಂದರೆ ಷ್ಟುಡೀರೆಂಡೆನ್‌ವೆರ್ಕ್ ನಡೆಸುವ ಹಾಸ್ಟೆಲ್ ಸಿಕ್ಕರೆ ಮಂಚ, ಹಾಸಿಗೆ, ಮೇಜು, ಕುರ್ಚಿ, ಬೀರು ಸಾಮಾನ್ಯವಾಗಿ ಇರುತ್ತವೆ. ದಿಂಬು, ಹೊದಿಕೆ, ಬೆಡ್‌ಶೀಟ್ ಮಾತ್ರ ನೀವೇ ತರಬೇಕು. ಖಾಸಗಿ ಮನೆಯಾದರೆ ಜಾಹೀರಾತಿನಲ್ಲಿ 'ಮ್ಯೋಬ್ಲೀರ್ಟ್' ಎಂದಿದ್ದರೆ ಪೀಠೋಪಕರಣ ಉಂಟು, 'ಟೈಲ್‌ಮ್ಯೋಬ್ಲೀರ್ಟ್' ಎಂದರೆ ಅರ್ಧಂಬರ್ಧ, 'ಉನ್‌ಮ್ಯೋಬ್ಲೀರ್ಟ್' ಎಂದರೆ ಬರಿಗೋಡೆ. ನಮ್ಮಲ್ಲಿ ಖಾಲಿ ಮನೆ ಎಂದರೂ ಅಡುಗೆಮನೆಯ ಕಟ್ಟೆ, ಸಿಂಕು, ಬಲ್ಬಿನ ಹೋಲ್ಡರ್ ಇದ್ದೇ ಇರುತ್ತವೆ. ಅಲ್ಲಿ ಹಾಗಲ್ಲ. ಅಡುಗೆಮನೆಯಲ್ಲಿ ನೀರಿನ ಕೊಳವೆ ಮತ್ತು ಒಲೆಯ ಸಂಪರ್ಕ ಬಿಟ್ಟು ಏನೂ ಇಲ್ಲದಿರಬಹುದು. ಚಾವಣಿಯಿಂದ ಬರೀ ತಂತಿ ಇಳಿಬಿದ್ದಿರಬಹುದು. ಜಾಹೀರಾತಿನಲ್ಲಿ 'ಐನ್‌ಬೌ‌ಕ್ಯುಷೆ' ಎಂಬ ಪದವೋ ಅದರ ಸಂಕ್ಷೇಪವಾದ ಇ-ಬಿ-ಕೆ ಅಕ್ಷರಗಳೋ ಇದ್ದರೆ ಮಾತ್ರ ಜೋಡಿಸಿದ ಅಡುಗೆಮನೆ ಇದೆ ಎಂದು ತಿಳಿಯಬೇಕು. ಓದಲು ಹೋದವರು ಪೂರ್ತಿ ಅಡುಗೆಮನೆ ಕಟ್ಟುವ ಉಸಾಬರಿಗೆ ಹೋಗಬಾರದು. ಅಂಥ ಮನೆ ಬಾಡಿಗೆ ಕಡಿಮೆ ಎಂದು ಕಂಡರೂ ಬಿಟ್ಟುಬಿಡಿ.

ದುಡ್ಡಿನ ಮಾತೂ ಇಲ್ಲೇ ಆಗಲಿ. ವೀಸಾಕ್ಕೆ ಇಡುವ ಬ್ಲಾಕ್ಡ್ ಅಕೌಂಟ್, ಅಂದರೆ ಅಲ್ಲಿನ ಖರ್ಚಿಗೆ ಮೊದಲೇ ಹಣ ಕಟ್ಟಿಡುವ ಖಾತೆಯ ಮೊತ್ತ 2024ರ ಸೆಪ್ಟೆಂಬರ್‌ನಿಂದ ವರ್ಷಕ್ಕೆ 11,904 ಯೂರೊ. ತಿಂಗಳಿಗೆ ಕೈಗೆ ಬರುವುದು 992 ಯೂರೊ ಮಾತ್ರ, ಒಟ್ಟಿಗೆ ತೆಗೆಯಲು ಬರುವುದಿಲ್ಲ. ಬಾಡಿಗೆ ಮನೆಯ ಮುಂಗಡ ಹೀಟಿಂಗ್, ನೀರು ಬಿಟ್ಟ ಬರಿ ಬಾಡಿಗೆಯ ಮೂರು ತಿಂಗಳವರೆಗೂ ಇರಬಹುದು. ಕಾನೂನಿನ ಪ್ರಕಾರ ಅದನ್ನು ಮೂರು ಸಮಾನ ಕಂತುಗಳಲ್ಲಿ ಕಟ್ಟಲು ಬಾಡಿಗೆದಾರರಿಗೆ ಹಕ್ಕಿದೆ. ಆದರೂ ಮೊದಲ ತಿಂಗಳು ಬಾಡಿಗೆ, ಒಂದು ಕಂತು ಮುಂಗಡ, ಆರೋಗ್ಯ ವಿಮೆ ಎಲ್ಲ ಸೇರಿದರೆ ಆ 992ರಲ್ಲಿ ಮಂಚಕ್ಕೆ ಉಳಿಯುವುದು ಏನೂ ಇಲ್ಲ. ಪೀಠೋಪಕರಣದ ದುಡ್ಡನ್ನು ಬ್ಲಾಕ್ಡ್ ಅಕೌಂಟಿನ ಹೊರಗೆ ಪ್ರತ್ಯೇಕವಾಗಿ ಇಟ್ಟುಕೊಂಡೇ ಹೊರಡಬೇಕು. ಎಷ್ಟು ಎಂಬುದಕ್ಕೆ ನಾಗಸಂದ್ರದ ಬೆಲೆಚೀಟಿಯನ್ನು ನೋಡಬೇಡಿ. ಒಂದೇ ಹೆಸರಿನ ಸಾಮಾನಿಗೆ ದೇಶದಿಂದ ದೇಶಕ್ಕೆ ಬೆಲೆ ಬೇರೆ. ಸಾಮಾನು ಇಲ್ಲಿ ಮುಟ್ಟಿ ನೋಡಿ, ಬೆಲೆಯನ್ನು ಅಲ್ಲೇ ನಿಂತು ಮೊಬೈಲಿನಲ್ಲಿ ಐಕಿಯಾದ ಜರ್ಮನಿ ವೆಬ್‌ಸೈಟಿನಲ್ಲಿ ನೋಡಿ.

ಈ ಮಳಿಗೆಯ ದೊಡ್ಡ ಅನುಕೂಲವೂ ಇದೇ. ಬಿಲ್ಲಿ ಎಂಬ ಪುಸ್ತಕದ ಕಪಾಟು, ಕಲ್ಲಾಕ್ಸ್ ಎಂಬ ಚೌಕಗಳ ಕಪಾಟು, ಲಾಕ್ ಎಂಬ ಪುಟ್ಟ ಮೇಜು, ಇವುಗಳ ಹೆಸರು ಯಾವ ದೇಶಕ್ಕೆ ಹೋದರೂ ಬದಲಾಗುವುದಿಲ್ಲ. ಭಾಷೆ ಬರದ ಊರಿನಲ್ಲಿ ಹೆಸರು, ಅಳತೆ, ಬಣ್ಣ ಈ ಮೂರು ಬರೆದ ಚೀಟಿ ತೋರಿಸಿದರೆ ಸಾಕು. ಎಲ್ಲ ಮಾದರಿಯೂ ಎರಡೂ ದೇಶಗಳಲ್ಲಿ ಇರುವುದಿಲ್ಲ, ಹಾಗಾಗಿ ಇಷ್ಟವಾದ ಪ್ರತಿಯೊಂದನ್ನೂ ಜರ್ಮನಿ ವೆಬ್‌ಸೈಟಿನಲ್ಲಿ ಹುಡುಕಿ ಸಿಕ್ಕಿದರಷ್ಟೇ ಬರೆದುಕೊಳ್ಳಿ.

ಈಗ ಮೇಜು. ವಿದ್ಯಾರ್ಥಿಯ ಕೋಣೆಯಲ್ಲಿ ಮಂಚಕ್ಕಿಂತ ಮುಖ್ಯವಾದದ್ದು ಇದು ಎಂಬುದು ನಮ್ಮ ಅಭಿಪ್ರಾಯ. ದಿನಕ್ಕೆ ಹೆಚ್ಚು ಹೊತ್ತು ಎಚ್ಚರದಲ್ಲಿ ಕಳೆಯುವುದು ಅದರ ಮುಂದೆಯೇ. ಕಡಿಮೆ ಬೆಲೆಯ ಜೋಡಿ ಎಂದರೆ ಲಾಗ್‌ಕಾಪ್ಟೆನ್ ಹಲಗೆ ಮತ್ತು ಆಡಿಲ್ಸ್ ಕಾಲುಗಳು. ಹಲಗೆ 120×60, 140×60, 200×60 ಸೆಂಟಿಮೀಟರ್ ಅಳತೆಗಳಲ್ಲಿ ಸಿಗುತ್ತದೆ. ಕಾಲು 70 ಸೆಂ.ಮೀ. ಮಾನಿಟರ್ ಇಡುವವರು 140ರ ಹಲಗೆಗಿಂತ ಕಡಿಮೆಗೆ ಹೋಗಬೇಡಿ. 200ರದ್ದಕ್ಕೆ ನಡುವೆ ಐದನೇ ಕಾಲು ಬೇಕೇ ಬೇಕು, ಇಲ್ಲದಿದ್ದರೆ ಹಲಗೆ ಬಾಗುತ್ತದೆ. ಮಳಿಗೆಯಲ್ಲಿ ಜೋಡಿಸಿಟ್ಟಿರುವ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ತಟ್ಟಿ ನೋಡಿ. ಅಂಚಿನಲ್ಲಿ ಗಟ್ಟಿ ಸದ್ದು, ನಡುವೆ ಟೊಳ್ಳು ಸದ್ದು. ಒಳಗೆ ಮರವಿಲ್ಲ, ಜೇನುಗೂಡಿನ ಹಾಗೆ ಮಡಿಸಿದ ಕಾಗದ ತುಂಬಿ, ಮೇಲೆ ಕೆಳಗೆ ತೆಳು ಹಲಗೆ ಅಂಟಿಸಿದ್ದಾರೆ. ಹಗುರ, ಅಗ್ಗ, ಒಬ್ಬರೇ ಎತ್ತಬಹುದು. ಆದರೆ ಇದರಿಂದ ಮೂರು ತೊಂದರೆ ಉಂಟು. ಕಾಲಿನ ತಿರುಪುಗಳನ್ನು ಕಂಪನಿ ಕೊರೆದಿಟ್ಟ ತೂತುಗಳಲ್ಲೇ ಹಾಕಬೇಕು, ಬೇರೆ ಕಡೆ ಹಾಕಿದರೆ ಹಿಡಿಯಲು ಒಳಗೆ ಏನೂ ಇರುವುದಿಲ್ಲ. ಅಂಚಿಗೆ ಹಿಡಿಸುವ ಮಾನಿಟರ್ ತೋಳನ್ನು ಬಿಗಿಸಿದರೆ ಹಲಗೆ ಒಳಕ್ಕೆ ಕುಸಿಯುತ್ತದೆ. ಹಿಡಿಸಲೇಬೇಕಾದರೆ ಮೇಲೂ ಕೆಳಗೂ ಅಂಗೈ ಅಗಲದ ಗಟ್ಟಿ ಮರದ ಚೂರು ಕೊಟ್ಟು ಬಿಗಿಸಿ. ಇನ್ನು ಕಾಲುಗಳನ್ನು ಎರಡು ಮೂರು ಸಲ ಬಿಚ್ಚಿ ಹಾಕಿದರೆ ತೂತು ಸಡಿಲವಾಗುತ್ತದೆ. ಮನೆ ಬದಲಿಸುವಾಗ ಬಾಗಿಲಲ್ಲಿ ಹಿಡಿಸುವುದಾದರೆ ಕಾಲು ಬಿಚ್ಚದೆಯೇ ಸಾಗಿಸಿ.

ಎತ್ತರವನ್ನು ಇಲ್ಲಿಯೇ ಪರೀಕ್ಷಿಸಿ. ಆಡಿಲ್ಸ್ ಕಾಲು ಹಾಕಿದರೆ ಮೇಜು ಸುಮಾರು 73 ಸೆಂ.ಮೀ. ಆಗುತ್ತದೆ. ಕುರ್ಚಿಯಲ್ಲಿ ಪಾದ ನೆಲಕ್ಕೆ ಊರಿ ಕೂತು, ಮೊಣಕೈ ಮಡಿಸಿ ಮೇಜಿನ ಮೇಲಿಟ್ಟಾಗ ಭುಜ ಮೇಲಕ್ಕೆ ಏರಿದರೆ ಆ ಎತ್ತರ ನಿಮಗೆ ಜಾಸ್ತಿ ಎಂದರ್ಥ. ಗಿಡ್ಡಗಿರುವವರಿಗೂ ತೀರ ಉದ್ದಗಿರುವವರಿಗೂ ಓಲೊವ್ ಕಾಲು ಸರಿ, ಅದನ್ನು 60ರಿಂದ 90 ಸೆಂ.ಮೀ.ವರೆಗೆ ಏರಿಸಿ ಇಳಿಸಬಹುದು. ಕುರ್ಚಿಯ ವಿಷಯದಲ್ಲಿ ಮಾತ್ರ ಕೈ ಬಿಗಿಹಿಡಿಯಬೇಡಿ. ಊಟದ ಮೇಜಿನ ಮರದ ಕುರ್ಚಿಯಲ್ಲಿ ಥೀಸಿಸ್ ಬರೆಯಲು ಆಗುವುದಿಲ್ಲ.

ಮಂಚದ ವಿಭಾಗದಲ್ಲಿ ಗಮನಿಸಬೇಕಾದದ್ದು ಅಳತೆ ಮತ್ತು ಬಿಡಿಭಾಗ. ಜರ್ಮನಿಯಲ್ಲಿ ಒಬ್ಬರ ಹಾಸಿಗೆ ಸಾಮಾನ್ಯವಾಗಿ 90×200 ಸೆಂ.ಮೀ., ಸ್ವಲ್ಪ ಅಗಲ ಬೇಕೆಂದರೆ 140×200. ನಮ್ಮ ಕಡೆಯ ಸಿಂಗಲ್ ಹಾಸಿಗೆ 72×36 ಅಥವಾ 75×36 ಇಂಚು, ಉದ್ದದಲ್ಲಿ ಹತ್ತರಿಂದ ಹದಿನೇಳು ಸೆಂಟಿಮೀಟರಿನಷ್ಟು ಗಿಡ್ಡ. ಮನೆಯಿಂದ ಒಯ್ಯುವ 60×90 ಇಂಚಿನ ಸಿಂಗಲ್ ಬೆಡ್‌ಶೀಟ್ 90×200ರ ಹಾಸಿಗೆಗೆ ಅಗಲದಲ್ಲಿ ಧಾರಾಳ ಸಾಕು. ಉದ್ದದಲ್ಲಿ ಮಾತ್ರ ಸುಮಾರು 28 ಸೆಂ.ಮೀ. ಉಳಿಯುತ್ತದೆ, ದಪ್ಪ ಹಾಸಿಗೆಯಾದರೆ ತಲೆಯ ಕಡೆ ಮಡಿಸಿ ಸಿಕ್ಕಿಸಿದ ಮೇಲೆ ಕಾಲ ಕಡೆಗೆ ಸಾಲುವುದಿಲ್ಲ. ಡಬಲ್ ಬೆಡ್‌ಶೀಟ್ ಒಂದು ಒಯ್ದರೆ ಎರಡೂ ಅಳತೆಗೆ ಆಗುತ್ತದೆ. ದಿಂಬಿನ ಕವರ್ ಒಯ್ಯಬೇಡಿ. ಅಲ್ಲಿನ ದಿಂಬು 80×80 ಸೆಂ.ಮೀ.ನ ದೊಡ್ಡ ಚೌಕ, ನಮ್ಮ 17×27 ಇಂಚಿನ ಕವರ್ ಅದಕ್ಕೆ ಹಿಡಿಸುವುದಿಲ್ಲ. ಕಂಬಳಿ, ರಜಾಯಿಯ ಭಾರವೂ ಬೇಡ. 135×200ರ ಹೊದಿಕೆ ಮತ್ತು ಅದರ ಚೀಲದಂಥ ಕವರ್ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ.

ಬಿಡಿಭಾಗದ ಮಾತು: ಐಕಿಯಾದಲ್ಲಿ ಮಂಚ ಎಂದರೆ ಎಷ್ಟೋ ಸಲ ಚೌಕಟ್ಟು ಮಾತ್ರ. ಹಾಸಿಗೆ ಹೊರುವ ಅಡ್ಡಪಟ್ಟಿಗಳು ಬೇರೆ ಕಟ್ಟು, ಅವುಗಳಲ್ಲಿ ಲೂರೋಯ್ ಎಂಬುದು ಅಗ್ಗದ್ದು. ಅಗಲವಾದ ಮಂಚಗಳಿಗೆ ನಡುವೆ ಉದ್ದಕ್ಕೆ ಹೋಗುವ ಕಬ್ಬಿಣದ ತೊಲೆ ಸ್ಕೋರ್ವಾ ಇನ್ನೊಂದು ಪೆಟ್ಟಿಗೆ. ಗೋದಾಮಿನಲ್ಲಿ ನೀವೇ ಎತ್ತಿಕೊಳ್ಳುವಾಗ ಇದೊಂದು ತಪ್ಪಿಹೋದರೆ ಮನೆಗೆ ಹೋದ ಮೇಲೆ ಮಂಚ ನಿಲ್ಲುತ್ತದೆ, ಹಾಸಿಗೆ ನಿಲ್ಲುವುದಿಲ್ಲ. ನಾಗಸಂದ್ರದ ಬೆಲೆಚೀಟಿಯಲ್ಲಿ ಯಾವ ಯಾವ ಭಾಗ ಸೇರಿದೆ ಎಂದು ಓದುವ ರೂಢಿ ಮಾಡಿಕೊಳ್ಳಿ, ಅಲ್ಲಿಯೂ ಚೀಟಿಯ ವಿನ್ಯಾಸ ಹೀಗೇ ಇರುತ್ತದೆ: ಯಾವ ಸಾಲು, ಯಾವ ಅಂಕಣ, ಎಷ್ಟು ಪೆಟ್ಟಿಗೆ. ಸುರುಳಿ ಸುತ್ತಿ ಬರುವ ಫೋಮ್ ಹಾಸಿಗೆ ಬಿಚ್ಚಿದ ರಾತ್ರಿಯೇ ಮಲಗಬಹುದು, ಪೂರ್ತಿ ಅರಳಲು ಮೂರು ನಾಲ್ಕು ದಿನ ಬೇಕು. ಹೊಸ ವಾಸನೆ ಹೋಗಲು ಕಿಟಕಿ ತೆರೆದಿಡಿ.

ಕಪಾಟುಗಳಲ್ಲಿ ಬಿಲ್ಲಿ 80 ಸೆಂ.ಮೀ. ಅಗಲ, 28 ಆಳ, 202 ಎತ್ತರ. ಪುಸ್ತಕಕ್ಕೆ ಒಳ್ಳೆಯದು, ಮಡಿಸಿದ ಸ್ವೆಟರ್ ಇಡಲು ಆಳ ಸಾಲದು. ಬಟ್ಟೆ, ಪಾತ್ರೆ, ದಿನಸಿ ಎಲ್ಲಕ್ಕೂ ಒಂದೇ ಸಾಮಾನು ಬೇಕೆಂದರೆ ಕಲ್ಲಾಕ್ಸ್ ಕೊಳ್ಳಿ. ನಾಲ್ಕು ಚೌಕದ್ದು 77×77 ಸೆಂ.ಮೀ., ಆಳ 39. ಒಂದೊಂದು ಚೌಕ 33 ಸೆಂ.ಮೀ. ಒಂದು ಚೌಕದಲ್ಲಿ 13 ಕಿಲೋಗಿಂತ ಹೆಚ್ಚು ಹೇರಬಾರದು. ಅಂದರೆ ಹತ್ತು ಕಿಲೋ ಅಕ್ಕಿಮೂಟೆ ಇಟ್ಟರೆ ಅದರ ಜೊತೆಗೆ ಬೇಳೆ ಡಬ್ಬಿ ಜೋಡಿಸುವಂತಿಲ್ಲ, ದಿನಸಿಯನ್ನು ಕೆಳಗಿನ ಚೌಕಗಳಲ್ಲೇ ಇಡಿ. ಮನೆ ಪದೇ ಪದೇ ಬದಲಿಸುವ ಸಾಧ್ಯತೆ ಇದ್ದವರಿಗೆ ಪೈನ್ ಮರದ ಈವಾರ್ ಕಪಾಟು ಎಲ್ಲಕ್ಕಿಂತ ಮೇಲು. ಪುಡಿಮರ ಒತ್ತಿ ಮಾಡಿದ ಹಲಗೆ ಬಿಚ್ಚಿ ಜೋಡಿಸಿದಷ್ಟೂ ತೂತು ಹಿಗ್ಗುತ್ತದೆ, ನಿಜವಾದ ಮರ ತಾಳುತ್ತದೆ. ಈವಾರ್‌ಗೆ ಹಿಂಬದಿಯಲ್ಲಿ ಇಂಟು ಗುರುತಿನ ಹಾಗೆ ಹಾಕುವ ಕಬ್ಬಿಣದ ಪಟ್ಟಿ ಒಬ್ಸರ್ವಾಟೋರ್ ಬೇರೆಯಾಗಿ ಕೊಳ್ಳಬೇಕು, ಅದಿಲ್ಲದಿದ್ದರೆ ಇಡೀ ಕಪಾಟು ಎಡಕ್ಕೆ ಬಲಕ್ಕೆ ಓಲಾಡುತ್ತದೆ.

ಎತ್ತರದ ಕಪಾಟನ್ನೂ ಡ್ರಾಯರ್ ಪೆಟ್ಟಿಗೆಯನ್ನೂ ಗೋಡೆಗೆ ಬಿಗಿಯಲು ಪೆಟ್ಟಿಗೆಯಲ್ಲೇ ಒಂದು ಪಟ್ಟಿ ಕೊಟ್ಟಿರುತ್ತಾರೆ. ಅದನ್ನು ಬಿಸಾಡಬೇಡಿ. ಮಕ್ಕಳ ಮೇಲೆ ಉರುಳಿಬಿದ್ದ ಕಾರಣಕ್ಕೆ 2016ರಲ್ಲಿ ಅಮೆರಿಕದಲ್ಲಿ ಮಾಲ್ಮ್ ಎಂಬ ಮಾದರಿ ಸೇರಿದಂತೆ ಕೋಟ್ಯಂತರ ಡ್ರಾಯರ್‌ಗಳನ್ನು ಕಂಪನಿ ವಾಪಸ್ ಕರೆಸಿಕೊಂಡಿತ್ತು. ಗೋಡೆ ಕೊರೆಯಲು ಮನೆ ಮಾಲೀಕರ ಒಪ್ಪಿಗೆ ಬೇಕಾಗಬಹುದು, ಕೇಳಿ. ಒಪ್ಪದಿದ್ದರೆ ಎತ್ತರದ್ದು ಕೊಳ್ಳದೆ ಸೊಂಟದ ಮಟ್ಟದ್ದನ್ನೇ ಆರಿಸಿಕೊಳ್ಳಿ. ಭಾನುವಾರ ಮತ್ತು ರಾತ್ರಿ ಹತ್ತರ ಮೇಲೆ ಡ್ರಿಲ್, ಸುತ್ತಿಗೆ ಸದ್ದು ಮಾಡುವಂತಿಲ್ಲ, ಅಕ್ಕಪಕ್ಕದವರು ದೂರು ಕೊಡುತ್ತಾರೆ.

ಜೋಡಿಸುವ ಕೆಲಸದಲ್ಲಿ ಹೆಚ್ಚಾಗಿ ಕೆಡುವುದು ಸ್ಕ್ರೂಡ್ರೈವರಿನಿಂದ. ತುಮಕೂರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲಿ 'ಸ್ಟಾರ್ ಸ್ಕ್ರೂಡ್ರೈವರ್' ಕೇಳಿದರೂ ಕೊಡುವುದು ಫಿಲಿಪ್ಸ್ ಮಾದರಿ. ಐಕಿಯಾದ ತಿರುಪುಗಳು ಬಹುಪಾಲು ಪೋಜಿಡ್ರೈವ್. ತಿರುಪಿನ ತಲೆಯನ್ನು ಹತ್ತಿರದಿಂದ ನೋಡಿ: ದೊಡ್ಡ ಕೂಡುಗುರುತಿನ ನಾಲ್ಕು ಮೂಲೆಗಳಲ್ಲಿ ಕೂದಲೆಳೆಯಂಥ ಇನ್ನೂ ನಾಲ್ಕು ಗೀಟುಗಳಿದ್ದರೆ ಅದು ಪೋಜಿಡ್ರೈವ್. ಅದಕ್ಕೆ ಫಿಲಿಪ್ಸ್ ಹಾಕಿ ಬಲ ಕೊಟ್ಟರೆ ಜಾರಿ ಜಾರಿ ತಲೆ ಸವೆದು, ಕೊನೆಗೆ ಬಿಚ್ಚಲೂ ಬರುವುದಿಲ್ಲ, ಬಿಗಿಯಲೂ ಬರುವುದಿಲ್ಲ. ಪಿ-ಝಡ್ 2 ಎಂದು ಕೇಳಿ ಒಂದು ಕೊಂಡಿಡಿ, ಒಂದು ಅಳತೆ ಟೇಪು ಜೊತೆಗಿರಲಿ, ಎರಡನ್ನೂ ಚೆಕ್‌ಇನ್ ಬ್ಯಾಗಿನಲ್ಲಿ ಹಾಕಿ. ಆರು ಮೂಲೆಯ ಅಲೆನ್ ಕೀ ಪೆಟ್ಟಿಗೆಯಲ್ಲೇ ಬರುತ್ತದೆ. ಹಲಗೆಗಳನ್ನು ಹಿಡಿಯುವ ದುಂಡು ಕ್ಯಾಮ್ ಬೀಗದ ಮೇಲೆ ಒಂದು ಬಾಣದ ಗುರುತಿದೆ. ಹಾಕುವಾಗ ಬಾಣ ಹಲಗೆಯ ಅಂಚಿನ ಕಡೆ, ಅಂದರೆ ತಿರುಪು ಒಳಬರುವ ತೂತಿನ ಕಡೆ ಮುಖ ಮಾಡಿರಬೇಕು. ಆಮೇಲೆ ಅರ್ಧ ಸುತ್ತು, ಬಿಗಿಯಾದ ಕೂಡಲೇ ನಿಲ್ಲಿಸಿ. ಇನ್ನೊಂದು ಚೂರು ಎಂದು ತಿರುಗಿಸಿದರೆ ಒಳಗಿನ ಪುಡಿಮರ ಕಿತ್ತುಬರುತ್ತದೆ. ಎಲ್ಲ ತಿರುಪುಗಳನ್ನೂ ಮೊದಲು ಸಡಿಲವಾಗಿ ಹಾಕಿ, ಕಪಾಟಿನ ಎರಡು ಕರ್ಣಗಳನ್ನು ಟೇಪಿನಲ್ಲಿ ಅಳೆದು ಸಮ ಇದೆಯೆಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಿಗಿಯಿರಿ. ಹಿಂಬದಿಯ ತೆಳು ಹಲಗೆ ಕೂರುವುದು ಆಗಲೇ. ಕರ್ಣ ತಪ್ಪಿದರೆ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ.

ದೀಪಕ್ಕೆ ಬಂದರೆ, ನಮ್ಮ ಮನೆಗಳ ಪಿನ್ ಬಲ್ಬ್ ಅಲ್ಲಿ ಯಾವುದಕ್ಕೂ ಹಿಡಿಸುವುದಿಲ್ಲ. ಅಲ್ಲಿರುವುದು ತಿರುಗಿಸಿ ಹಾಕುವ ಇ-27, ಸಣ್ಣದು ಇ-14. ಚಾವಣಿಯ ತಂತಿಗೆ ದೀಪ ಕಟ್ಟುವುದು ಬರದವರು ಕೈ ಹಾಕದೆ, ಪ್ಲಗ್ ಚುಚ್ಚಿ ಉರಿಸುವ ನೆಲದೀಪ ಒಂದು, ಮೇಜುದೀಪ ಒಂದು ಕೊಳ್ಳಿ. ಅಕ್ಟೋಬರ್ ಕೊನೆಗೆ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋದ ಮೇಲೆ ಸಂಜೆ ಐದಕ್ಕೆಲ್ಲ ಕತ್ತಲು. ದೀಪ ಮೊದಲ ದಿನದ ಸಾಮಾನು, ಆಮೇಲಿನದ್ದಲ್ಲ.

ವಿದ್ಯುತ್ ಎರಡೂ ಕಡೆ 230 ವೋಲ್ಟ್, 50 ಹರ್ಟ್ಜ್. ನಮ್ಮ ಮಿಕ್ಸಿ ಅಲ್ಲಿ ಯಾವ ಟ್ರಾನ್ಸ್‌ಫಾರ್ಮರ್ ಇಲ್ಲದೆ ತಿರುಗುತ್ತದೆ. ಪ್ಲಗ್ ಮಾತ್ರ ಬೇರೆ. ಅಲ್ಲಿನ ಶೂಕೋ ಸಾಕೆಟ್‌ನಲ್ಲಿ ಅರ್ಥಿಂಗ್ ಪಕ್ಕದ ಎರಡು ಕ್ಲಿಪ್‌ಗಳ ಮೂಲಕ ಬರುತ್ತದೆ. ಪ್ರವಾಸಕ್ಕೆಂದು ಮಾರುವ ಬಹಳಷ್ಟು ಅಡಾಪ್ಟರ್‌ಗಳಲ್ಲಿ ಆ ಕ್ಲಿಪ್ ಸೇರುವ ಜಾಗವೇ ಇರುವುದಿಲ್ಲ, ಮೂರು ಪಿನ್ ಹಾಕಿದರೂ ಅರ್ಥಿಂಗ್ ಸಿಗುವುದಿಲ್ಲ. ಮಿಕ್ಸಿಗೆ ಅರ್ಥಿಂಗ್ ಇರುವ ಅಡಾಪ್ಟರನ್ನೇ ಕೊಳ್ಳಿ. ಮೊಬೈಲ್, ಲ್ಯಾಪ್‌ಟಾಪ್‌ಗೆ ಊರಿನ ಎಕ್ಸ್‌ಟೆನ್ಷನ್ ಬೋರ್ಡ್ ಒಂದಕ್ಕೆ ಒಂದು ಅಡಾಪ್ಟರ್ ಹಾಕಿಕೊಂಡರೆ ಸಾಕು. ಅದೇ ಬೋರ್ಡಿಗೆ ಹೀಟರ್, ಇಂಡಕ್ಷನ್ ಒಲೆ ಚುಚ್ಚಬೇಡಿ.

ಪಾತ್ರೆಗಳಿಗೆ ನಾಗಸಂದ್ರ ಬೇಡ, ಮಂಡಿಪೇಟೆಗೆ ಹೋಗಿ. ಹೋಗುವಾಗ ಫ್ರಿಜ್ ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಒಂದನ್ನು ಜೇಬಿನಲ್ಲಿಟ್ಟುಕೊಳ್ಳಿ. ಪಾತ್ರೆಯ ತಳಕ್ಕೆ ಅದು ಗಟ್ಟಿಯಾಗಿ ಅಂಟಿದರೆ ಮಾತ್ರ ಇಂಡಕ್ಷನ್ ಒಲೆಯಲ್ಲಿ ಕಾಯುತ್ತದೆ. ಜರ್ಮನಿಯ ಮನೆಗಳಲ್ಲಿ ಹೆಚ್ಚಾಗಿ ಇರುವುದು ಗಾಜಿನ ಮೇಲ್ಮೈಯ ಕರೆಂಟ್ ಒಲೆ, ಅದು ಇಂಡಕ್ಷನ್ ಆಗಿರಬಹುದು, ಬರೀ ಕಾಯುವ ಗಾಜೂ ಆಗಿರಬಹುದು. ಎರಡಕ್ಕೂ ತಳ ಚಪ್ಪಟೆಯಾಗಿರಬೇಕು. ದುಂಡು ತಳದ ಬಾಣಲೆ, ನೆಗ್ಗಿದ ಪಾತ್ರೆ ಮನೆಯಲ್ಲೇ ಇರಲಿ. ಮೂರು ಲೀಟರಿನ ಸ್ಟೀಲ್ ಕುಕ್ಕರ್ ಒಬ್ಬರಿಗೆ, ಇಬ್ಬರಿಗೆ ಸರಿಯಾದ ಅಳತೆ. ಅದರ ಜೊತೆ ಅದೇ ಮಾದರಿಯ ಗ್ಯಾಸ್ಕೆಟ್ ಎರಡು, ಸೇಫ್ಟಿ ವಾಲ್ವ್ ಎರಡು ಕೊಳ್ಳಿ. ಇವು ತೂಗುವುದು ಏನೂ ಇಲ್ಲ, ಅಲ್ಲಿ ಹುಡುಕುವುದು ಕಷ್ಟ. ತಟ್ಟೆ ಇಡ್ಲಿ ಬೇಕೆನ್ನುವವರು ಸ್ಟ್ಯಾಂಡ್ ಕೊಳ್ಳುವ ಮುನ್ನ ಅದರ ಅಗಲ ಅಳೆದು, ಅದು ಕೂರುವ ಪಾತ್ರೆ ಯಾವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಿ. ಮೂರು ಲೀಟರಿನ ಕುಕ್ಕರಿನೊಳಗೆ ಕ್ಯಾತಸಂದ್ರದ ಅಳತೆಯ ತಟ್ಟೆ ಇಳಿಯುವುದಿಲ್ಲ.

ಮುದ್ದೆ ಮಾಡುವವರಿಗೆ ಒಂದು ಎಚ್ಚರಿಕೆ. ಗಾಜಿನ ಒಲೆಯ ಮೇಲೆ ಪಾತ್ರೆ ಇಟ್ಟೇ ಕೋಲಿನಿಂದ ಹಿಟ್ಟು ತಿರುವಬೇಡಿ. ಪಾತ್ರೆ ಜಾರುತ್ತದೆ, ಗಾಜು ಗೀಚುತ್ತದೆ, ಭಾರ ಒಂದೇ ಕಡೆ ಬಿದ್ದರೆ ಬಿರುಕೂ ಬಿಡಬಹುದು. ಆ ಗಾಜು ಬದಲಿಸುವ ಖರ್ಚು ಮುಂಗಡದಿಂದಲೇ ಹೋಗುತ್ತದೆ. ಎಸರು ಕುದಿದು ಹಿಟ್ಟು ಬೆಂದ ಮೇಲೆ ಪಾತ್ರೆಯನ್ನು ಇಳಿಸಿ, ನೆಲದ ಮೇಲೆ ದಪ್ಪ ಬಟ್ಟೆ ಹಾಸಿ ಅದರ ಮೇಲಿಟ್ಟು, ಹಿಡಿಯನ್ನು ಭದ್ರವಾಗಿ ಹಿಡಿದು ತಿರುವಿ. ಗಂಟಾಗದ ಹಾಗೆ ತಿರುವಲು ಉದ್ದ ಹಿಡಿಯ ಸ್ಟೀಲ್ ಪಾತ್ರೆ ಬೇಕು, ಅದನ್ನು ಇಲ್ಲಿಂದಲೇ ಆರಿಸಿಕೊಳ್ಳಿ. ಮುದ್ದೆ ಕೋಲು ಗಿಡ್ಡದ್ದು ಸಿಕ್ಕರೆ ಸೂಟ್‌ಕೇಸಿನಲ್ಲಿ ಕರ್ಣವಾಗಿ ಹಿಡಿಸುತ್ತದೆ. ಇನ್ನು ಒಗ್ಗರಣೆ. ಜರ್ಮನಿಯಲ್ಲಿ ಮಲಗುವ ಕೋಣೆಗೆ ಹೊಗೆ ಎಚ್ಚರಿಕೆ ಯಂತ್ರ ಕಡ್ಡಾಯ, ಒಂದೇ ಕೋಣೆಯ ಮನೆಯಲ್ಲಿ ಒಲೆಯೂ ಅಲ್ಲೇ ಇರುತ್ತದೆ. ಒಣಮೆಣಸಿನಕಾಯಿ ಬೀಳುವ ಮುಂಚೆಯೇ ಕಿಟಕಿ ತೆರೆದಿರಲಿ. ಯಂತ್ರವನ್ನು ಪ್ಲಾಸ್ಟಿಕ್ಕಿನಿಂದ ಮುಚ್ಚುವುದು ಮಾತ್ರ ಯಾವ ಕಾರಣಕ್ಕೂ ಬೇಡ.

ತುಪ್ಪದ ಡಬ್ಬಿ ಕಟ್ಟುವವರು ನಿಲ್ಲಿ: ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನ, ಮಾಂಸ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಆ ತೂಕದಲ್ಲಿ ಕುಕ್ಕರ್ ಇಡಿ.

ನಾಗಸಂದ್ರದ ಮಳಿಗೆಯಲ್ಲಿ ಎಷ್ಟು ಸುತ್ತಿದರೂ ಗೊತ್ತಾಗದ ಸಂಗತಿ ಒಂದಿದೆ: ಸಾಮಾನನ್ನು ಕೋಣೆಯಲ್ಲಿ ಎಲ್ಲಿ ಇಡಬೇಕು ಎಂಬುದು. ನಮ್ಮ ಹವೆಯಲ್ಲಿ ಬೀರುವನ್ನು ಗೋಡೆಗೆ ಒತ್ತಿ ನಿಲ್ಲಿಸುತ್ತೇವೆ, ಏನೂ ಆಗುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಹೊರಗೋಡೆ ತಣ್ಣಗಿರುತ್ತದೆ, ಒಳಗಿನ ಗಾಳಿ ಬೆಚ್ಚಗೆ, ತೇವವಾಗಿರುತ್ತದೆ. ಅನ್ನ ಕುದಿಯುವ ಆವಿ, ಸ್ನಾನದ ಆವಿ, ಕೋಣೆಯಲ್ಲೇ ಒಣಹಾಕಿದ ಬಟ್ಟೆಯ ತೇವ ಎಲ್ಲ ಸೇರಿ ಆ ತಣ್ಣನೆಯ ಗೋಡೆಯ ಮೇಲೆ ನೀರಾಗಿ ಕೂರುತ್ತದೆ. ಬೀರುವಿನ ಹಿಂದೆ ಗಾಳಿ ಆಡದಿದ್ದರೆ ಕೆಲವೇ ವಾರಗಳಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಮನೆ ಬಿಡುವಾಗ ಜಗಳಕ್ಕೆ ದೊಡ್ಡ ಕಾರಣ ಇದೇ. ಎತ್ತರದ ಬೀರು, ಕಪಾಟುಗಳನ್ನು ಒಳಗೋಡೆಯ ಕಡೆ ಇಡಿ. ಬೇರೆ ಜಾಗವೇ ಇಲ್ಲದಿದ್ದರೆ ಹೊರಗೋಡೆಯಿಂದ ಐದರಿಂದ ಹತ್ತು ಸೆಂ.ಮೀ. ಬಿಡಿ. ಹಾಸಿಗೆಯನ್ನು ಅಡ್ಡಪಟ್ಟಿ ಇಲ್ಲದೆ ನೇರ ನೆಲದ ಮೇಲೆ ಹಾಕಿದರೂ ಅಡಿಯಲ್ಲಿ ಇದೇ ಗತಿ, ಮಂಚ ತರುವವರೆಗೆ ನೆಲದ ಮೇಲೆ ಮಲಗುವವರು ದಿನಾ ಬೆಳಿಗ್ಗೆ ಹಾಸಿಗೆಯನ್ನು ಗೋಡೆಗೆ ಒರಗಿಸಿ ನಿಲ್ಲಿಸಬೇಕು. ದಿನಕ್ಕೆ ಎರಡು ಮೂರು ಸಲ ಐದರಿಂದ ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆದು ಮುಚ್ಚಿ. ಇಡೀ ದಿನ ಚೂರು ತೆರೆದಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗುತ್ತದೆ, ಹೀಟಿಂಗ್ ಬಿಲ್ಲೂ ಏರುತ್ತದೆ.

ಆ ಕಿಟಕಿ ತೆರೆದುಕೊಳ್ಳುವುದೂ ಒಳಕ್ಕೆ. ಮೇಜನ್ನು ಕಿಟಕಿಗೆ ಒತ್ತಿಟ್ಟು ಅದರ ಮೇಲೆ ಮಾನಿಟರ್ ಜೋಡಿಸಿದರೆ ಕಿಟಕಿ ತೆಗೆಯಲಿಕ್ಕೇ ಬರುವುದಿಲ್ಲ. ಕಿಟಕಿಯ ಕೆಳಗೆ ಇರುವ ಹೀಟರಿನ ಮುಂದೆಯೂ ಮಂಚ, ದಪ್ಪ ಪರದೆ ಬರಬಾರದು, ಶಾಖ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಕೋಣೆಯ ನಕ್ಷೆಯನ್ನು ಮಾಲೀಕರಿಂದ ತರಿಸಿಕೊಂಡು, ಕಿಟಕಿ ರೆಕ್ಕೆ ಎಷ್ಟು ದೂರ ಒಳಕ್ಕೆ ಬರುತ್ತದೆ ಎಂದು ಕೇಳಿ, ಗ್ರಾಫ್ ಹಾಳೆಯಲ್ಲಿ ಗುರುತಿಸಿಕೊಂಡೇ ನಾಗಸಂದ್ರಕ್ಕೆ ಹೋಗಿ. ಮೇಜು, ಕುರ್ಚಿಯ ಕಾಲಡಿಗೆ ಫೆಲ್ಟ್ ಬಟ್ಟೆಯ ಅಂಟುಚೂರು ಹಾಕುವುದು ಚಿಲ್ಲರೆ ಖರ್ಚು, ನೆಲ ಗೀಚಿದ್ದಕ್ಕೆ ಕಟ್ಟುವ ದಂಡ ಚಿಲ್ಲರೆಯಲ್ಲ. ಬಚ್ಚಲಿನಲ್ಲಿ ನೆಲಕ್ಕೆ ನೀರು ಹೋಗುವ ತೂತು ಹೆಚ್ಚಿನ ಮನೆಗಳಲ್ಲಿ ಇಲ್ಲ, ಚೊಂಬಿನಿಂದ ಹೊರಗೆ ನೀರು ಸುರಿದರೆ ಕೆಳಗಿನ ಮನೆಯ ಚಾವಣಿಗೆ ಇಳಿಯುತ್ತದೆ. ಷವರ್ ಪರದೆಯನ್ನೂ ಮೊದಲ ವಾರದ ಪಟ್ಟಿಗೆ ಸೇರಿಸಿ.

ಎಲ್ಲವನ್ನೂ ಹೊಸದೇ ಕೊಳ್ಳಬೇಕಿಲ್ಲ. ಕ್ಲೈನ್‌ಆನ್‌ತ್ಸೈಗೆನ್ ಎಂಬ ಆ್ಯಪಿನಲ್ಲಿ ಇದೇ ಬಿಲ್ಲಿ, ಕಲ್ಲಾಕ್ಸ್ ಬಳಸಿದವು ಧಾರಾಳವಾಗಿ ಸಿಗುತ್ತವೆ. ನಾಗಸಂದ್ರದಲ್ಲಿ ಮುಟ್ಟಿ ನೋಡಿದ್ದರ ಲಾಭ ಆಗ ಗೊತ್ತಾಗುತ್ತದೆ, ಫೋಟೊ ನೋಡಿಯೇ ಯಾವ ಮಾದರಿ, ಅಳತೆ ಎಷ್ಟು ಎಂದು ತಿಳಿಯುತ್ತದೆ. ಸೆಮಿಸ್ಟರ್ ಮುಗಿಯುವ ಮಾರ್ಚ್ ಮತ್ತು ಸೆಪ್ಟೆಂಬರ್ ಕೊನೆಯಲ್ಲಿ ಮನೆ ಖಾಲಿ ಮಾಡುವವರು ಹೆಚ್ಚು. ನೋಡದೆ ಮುಂಗಡ ಹಣ ಕಳಿಸಬೇಡಿ. ಕಪಾಟಾದರೆ ಕೆಳಗಿನ ಅಂಚು ನೀರು ಕುಡಿದು ಉಬ್ಬಿದೆಯೇ ಎಂದು ಬೆರಳಾಡಿಸಿ ನೋಡಿ, ಒಂದು ಮೂಲೆ ಹಿಡಿದು ಮೆಲ್ಲಗೆ ಎತ್ತಿ, ಕೀಲುಗಳು ಕಿರ್ ಎಂದು ಬಿಟ್ಟುಕೊಂಡರೆ ಬೇಡ. ಬಳಸಿದ ಹಾಸಿಗೆ ಮಾತ್ರ ಪುಕ್ಕಟೆ ಕೊಟ್ಟರೂ ಬೇಡ. ತಿಗಣೆ ಒಮ್ಮೆ ಮನೆ ಹೊಕ್ಕರೆ ಅದನ್ನು ಓಡಿಸುವ ಖರ್ಚಿನಲ್ಲಿ ನಾಲ್ಕು ಹೊಸ ಹಾಸಿಗೆ ಬರುತ್ತದೆ. ಮರದ ಮಂಚವನ್ನು ಕೊಳ್ಳುವಾಗಲೂ ತಿರುಪಿನ ತೂತುಗಳಿಗೆ ಟಾರ್ಚ್ ಬಿಟ್ಟು ಕಪ್ಪು ಚುಕ್ಕೆ ಇದೆಯೇ ನೋಡಿ.

ಸಾಗಾಣಿಕೆಗೆ ಮೊದಲೇ ಯೋಚಿಸಿ. ಎರಡು ಮೀಟರ್ ಉದ್ದದ ಪೆಟ್ಟಿಗೆಯನ್ನು ಟ್ರಾಮಿನಲ್ಲಿ ಒಯ್ಯುವುದು ಕಷ್ಟ. ಪ್ರತಿ ಪೆಟ್ಟಿಗೆಯ ಉದ್ದ, ತೂಕ ವೆಬ್‌ಸೈಟಿನಲ್ಲಿ ಬರೆದಿರುತ್ತಾರೆ. ಮನೆಗೆ ತಲುಪಿಸುವ ಸೇವೆ ಕೊಂಡರೆ ಬಾಗಿಲವರೆಗೋ, ಬೀದಿಯವರೆಗೋ ಎಂಬುದನ್ನು ಓದಿ, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿಗೆ ಇದು ಸಣ್ಣ ವ್ಯತ್ಯಾಸವಲ್ಲ. ಚಿಕ್ಕಪುಟ್ಟ ಸಾಮಾನಿಗೆ ನೀಲಿ ಫ್ರಾಕ್ಟಾ ಚೀಲ ಸಾಕು, 71 ಲೀಟರ್ ಹಿಡಿಯುತ್ತದೆ, 25 ಕಿಲೋ ತಾಳುತ್ತದೆ. ನಾಗಸಂದ್ರದಲ್ಲಿ ಕೊಂಡು ಒಯ್ಯಲು ಯೋಗ್ಯವಾದದ್ದು ಎಂದರೆ ಮಡಿಸಿ ಸೂಟ್‌ಕೇಸಿನ ತಳಕ್ಕೆ ಹಾಕಬಹುದಾದ ಈ ಚೀಲ ಎರಡು ಅಷ್ಟೇ.

ಟಿಕೆಟ್ ಮಾಡಿಸುವಾಗ ಇನ್ನೊಂದು ಲೆಕ್ಕ ಹಾಕಿ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಐಕಿಯಾ ಕೂಡ. ಶನಿವಾರ ಸಂಜೆ ಖಾಲಿ ಕೋಣೆಗೆ ಇಳಿದವರಿಗೆ ಸೋಮವಾರದವರೆಗೆ ಹಾಸಿಗೆಯೂ ಇಲ್ಲ, ದೀಪವೂ ಇಲ್ಲ. ಸೋಮವಾರದಿಂದ ಗುರುವಾರದೊಳಗೆ ಇಳಿಯುವ ಹಾಗೆ ಟಿಕೆಟ್ ಮಾಡಿಸಿ, ಕೈಬ್ಯಾಗಿನಲ್ಲಿ ಒಂದು ಬೆಡ್‌ಶೀಟ್, ಒಂದು ತೆಳು ರಗ್ಗು, ಒಂದು ಅಡಾಪ್ಟರ್ ಇಟ್ಟುಕೊಳ್ಳಿ. ಮೊದಲ ದಿನ ಹಾಸಿಗೆ, ಹೊದಿಕೆ, ದೀಪ, ಷವರ್ ಪರದೆ. ಮೊದಲ ವಾರ ಮೇಜು, ಕುರ್ಚಿ. ಕಪಾಟನ್ನು ಒಂದು ತಿಂಗಳು ತಡೆದು, ಬಳಸಿದ್ದನ್ನೇ ಹುಡುಕಿ. ಕೀಲಿ ಕೈಗೆ ಬಂದ ದಿನ, ಒಂದು ಸಾಮಾನೂ ಒಳಗೆ ತರುವ ಮುಂಚೆ, ಗೋಡೆ, ನೆಲ, ಒಲೆಯ ಗಾಜು, ಕಿಟಕಿ ಚೌಕಟ್ಟು ಎಲ್ಲದರ ಫೋಟೊ ತೆಗೆದು, ಮೊದಲೇ ಇರುವ ಗೀರು, ಕಲೆಗಳನ್ನು ಹಸ್ತಾಂತರ ಪತ್ರದಲ್ಲಿ ಬರೆಸಿ ಸಹಿ ಹಾಕಿಸಿಕೊಳ್ಳಿ. ಬಿಡುವ ದಿನಕ್ಕೂ ಒಂದು ಮಾತು: ಬೇಡವಾದ ಮಂಚವನ್ನು ರಸ್ತೆ ಬದಿಗೆ ಇಟ್ಟು ಹೋದರೆ ದಂಡ ಬೀಳುತ್ತದೆ. ದೊಡ್ಡ ಕಸ ಒಯ್ಯಲು ನಗರಾಡಳಿತಕ್ಕೆ ಮೊದಲೇ ಹೇಳಿ ದಿನ ಗೊತ್ತುಮಾಡಿಕೊಳ್ಳಬೇಕು, ಅದಕ್ಕೆ ವಾರಗಟ್ಟಲೆ ಮುಂಚೆ ಬುಕ್ ಮಾಡಿ.